ಕೂತಿತು, ಆದರೆ ಕಾಣಲಿಲ್ಲ

ನಮ್ಮ ಅಕ್ಕನ ಮಗನ ಲ್ಯಾಪ್‌ಟಾಪ್ 2017ರದ್ದು. ಆನ್ ಮಾಡಿ, ಕಾಫಿ ಮಾಡಿಕೊಂಡು ಬಂದು ಕೂತರೂ ಪರದೆ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಒಳಗಿರುವುದು ನಿಮಿಷಕ್ಕೆ 5400 ಸುತ್ತು ತಿರುಗುವ ಹಳೇ ಹಾರ್ಡ್ ಡಿಸ್ಕ್, ಇನ್ನೇನಾಗುತ್ತೆ. "ಚಿಕ್ಕಮ್ಮ, ಹೊಸದು ಕೊಡ್ಸು ಅಂತ ಅಪ್ಪಂಗೆ ಸ್ವಲ್ಪ ಹೇಳ್ತೀಯಾ?" ಅಂದ. "ಯಾಕೋ ಸುಮ್ನೆ ದುಡ್ಡು ಹಾಳು, ಒಂದು ಎಸ್‌ಎಸ್‌ಡಿ, ಅಂದ್ರೆ ತಿರುಗೋ ತಟ್ಟೆ ಇಲ್ಲದ ಡಿಸ್ಕ್, ಹಾಕಿದರೆ ಕುದುರೆ ಥರ ಓಡುತ್ತೆ" ಅಂದುಬಿಟ್ಟೆ. ಆ ಒಂದು ಮಾತಿಗೆ ನನ್ನ ಎರಡು ಭಾನುವಾರ ಹೋದವು.

ಕಂಪನಿಯ ವಿವರದ ಪುಟದಲ್ಲಿ "ಎಂ.2 ಸ್ಲಾಟ್: 1" ಎಂದಿತ್ತು, ಅಂದರೆ ಪಟ್ಟಿಯಂಥ ಎಸ್‌ಎಸ್‌ಡಿ ಕಾರ್ಡ್ ಕೂರಿಸುವ ಜಾಗ ಒಂದು. ಅಷ್ಟೇ, ಮುಂದೆ ಒಂದಕ್ಷರ ಇಲ್ಲ. 500 ಜಿಬಿಯ ಎನ್‌ವಿಎಂಇ ಅನ್ನುವ ವೇಗದ ಜಾತಿಯ ಎಸ್‌ಎಸ್‌ಡಿ ಕಾರ್ಡ್ ಆನ್‌ಲೈನಲ್ಲಿ ತರಿಸಿದೆ. ಅಗಲ 22 ಮಿಲಿಮೀಟರ್, ಉದ್ದ 80. ಅದಕ್ಕೇ ಅದನ್ನು 2280 ಅಂತಾರೆ. ಹಳೇ ಎಟಿಎಂ ಕಾರ್ಡಿನಿಂದ ಲ್ಯಾಪ್‌ಟಾಪಿನ ತಳ ಮೀಟಿ ತೆಗೆದೆ, ಬ್ಯಾಟರಿ ವೈರ್ ಬಿಡಿಸಿದೆ, ಕಾರ್ಡನ್ನು ಓರೆಯಾಗಿ ತೂರಿಸಿದೆ. ಸಲೀಸಾಗಿ ಹೋಯಿತು. ಬಿಟ್ಟರೆ ತುದಿ ಮೇಲಕ್ಕೆ ಎದ್ದು ನಿಲ್ಲುತ್ತದೆ, ಒಂದು ಬೆರಳಲ್ಲಿ ಒತ್ತಿ ಹಿಡಿದು ಸಾಸಿವೆ ಕಾಳಿನಷ್ಟು ಸ್ಕ್ರೂ ಹಾಕಬೇಕು. ಆ ಸ್ಕ್ರೂ ಎರಡು ಸಲ ಚಾಪೆ ಮೇಲೆ ಬಿದ್ದು ಮಾಯವಾಯಿತು. ಹುಡುಕಿ ಹಾಕಿ, ಮುಚ್ಚಿ, ಆನ್ ಮಾಡಿದರೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಮೂಲ ಪ್ರೋಗ್ರಾಂ) ಹಳೇ ಹಾರ್ಡ್ ಡಿಸ್ಕ್ ಒಂದೇ ಕಾಣುತ್ತಿದೆ.

ಇಲ್ಲೇ ನಾನು ತಪ್ಪಿದ್ದು. ಬಯೋಸ್‌ಗೇ ಕಾಣದ ಕಾರ್ಡಿಗೆ ವಿಂಡೋಸ್‌ನಲ್ಲಿ ಡ್ರೈವರ್ ಸಾಫ್ಟ್‌ವೇರ್ ಹಾಕಿ ಏನು ಪ್ರಯೋಜನ? ಬಾಗಿಲಿಗೇ ಬರದ ನೆಂಟರಿಗೆ ಎಲೆ ಹಾಕಿದ ಹಾಗೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಯೂಟ್ಯೂಬ್‌ನಲ್ಲಿ ಯಾರೋ ಹೇಳಿದರು ಅಂತ ಅರ್ಧ ದಿನ ಡ್ರೈವರ್ ಹುಡುಕುತ್ತಾ ಕೂತೆ. ಆಮೇಲೆ ಬಯೋಸ್ ಅಪ್‌ಡೇಟ್ ಮಾಡಿದೆ. ಅದು ಮುಗಿಯುವ ತನಕ ಕರೆಂಟ್ ಹೋಗದಿರಲಿ ಅಂತ ದೇವರಿಗೆ ಕೈ ಮುಗಿದಿದ್ದೂ ಆಯಿತು. ಉಹುಂ. ಕೊನೆಗೆ ನಮ್ಮ ದೇಶದ ರಿಪೇರಿ ಅಂಗಡಿಗಳ ರಾಮಬಾಣ: ಕಾರ್ಡ್ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಊದಿ, ಮತ್ತೆ ಹಾಕಿದೆ. ನಗಬೇಡಿ, ಹಳೇ ರ‍್ಯಾಮ್‌ಗೆ ಇದು ಎಷ್ಟೋ ಸಲ ಕೆಲಸ ಮಾಡಿದೆ. ಆದರೆ ಇದು ಹೊಸ ಕಾರ್ಡ್, ಇದರಲ್ಲಿ ಕೊಳೆ ಎಲ್ಲಿಂದ ಬರಬೇಕು.

ಮುಂದಿನ ಭಾನುವಾರದೊಳಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಸಾಮಾನಿಗೆ ಹೆಸರಾದ ಎಸ್‌.ಪಿ. ರೋಡಿಗೆ ಹೋದೆ. ಮೆಟ್ಟಿಲ ಕೆಳಗಿನ ಒಂದು ಪುಟ್ಟ ಅಂಗಡಿ. ಅಲ್ಲಿನ ಹುಡುಗ ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. ಮೊದಲು ಕಾರ್ಡ್ ಇಸಿದುಕೊಂಡು ಒಂದು ಯುಎಸ್‌ಬಿ ಡಬ್ಬಿಗೆ ಹಾಕಿ ತನ್ನ ಕಂಪ್ಯೂಟರ್‌ಗೆ ಚುಚ್ಚಿದ. ತಕ್ಷಣ ಕಾಣಿಸಿತು. "ಕಾರ್ಡ್ ಚೆನ್ನಾಗೈತೆ ಮೇಡಂ. ನಿಮ್ಮ ಸ್ಲಾಟು ಬರೀ ಸಾಟಾ, ಅಂದ್ರೆ ಹಳೇ ಥರದ ಡಿಸ್ಕ್ ಸಂಪರ್ಕ, ಇರ್ಬೇಕು, ಸರ್ವಿಸ್ ಮ್ಯಾನ್ಯುಯಲ್ ನೋಡಿ" ಅಂದ. ಎರಡೇ ನಿಮಿಷ. ದುಡ್ಡೂ ತಗೊಳ್ಳಲಿಲ್ಲ. ಕಾರ್ಡಿನದು ತಪ್ಪೋ ಸ್ಲಾಟಿನದು ತಪ್ಪೋ ಅಂತ ಮೊದಲು ಬೇರೆ ಮಾಡಿಕೊಂಡಿದ್ದರೆ ನನ್ನ ಭಾನುವಾರ ಉಳಿಯುತ್ತಿತ್ತು, ಅಲ್ವಾ.

ಮ್ಯಾನ್ಯುಯಲ್ ಹುಡುಕಿದೆ. ನೂರಾರು ಪುಟದ ಪಿಡಿಎಫ್‌ನ ಒಂದು ಟೇಬಲ್ಲಿನ ಒಂದು ಮೂಲೆಯಲ್ಲಿ ಇತ್ತು: ಎಂ.2, ಸಾಟಾ ಮಾತ್ರ.

ವಿಷಯ ಇಷ್ಟೇ. ಎಂ.2 ಅನ್ನುವುದು ಆಕಾರದ ಹೆಸರು. ಆ ಆಕಾರದೊಳಗೆ ಎರಡು ಬೇರೆ ಬೇರೆ ಭಾಷೆ ಓಡಾಡಬಹುದು. ಒಂದು ಸಾಟಾ, ಸೆಕೆಂಡಿಗೆ ಸುಮಾರು 550 ಎಂಬಿ ತನಕ. ಇನ್ನೊಂದು ಪಿಸಿಐ ಎಕ್ಸ್‌ಪ್ರೆಸ್, ಎನ್‌ವಿಎಂಇ ಕಾರ್ಡ್‌ಗಳು ಮಾತಾಡುವುದು ಅದನ್ನು. ಅದರ ಮೂರನೇ ಪೀಳಿಗೆಯಲ್ಲೇ ನಾಲ್ಕು ದಾರಿ ಸೇರಿದರೆ 3500 ಎಂಬಿ ಮುಟ್ಟುತ್ತದೆ. ನಮ್ಮ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಸ್ಲಾಟಿನ ಪಿನ್ನುಗಳು ಇವೆ, ಆದರೆ ಅಲ್ಲಿಂದ ಒಳಕ್ಕೆ ಸಾಟಾದ ದಾರಿ ಮಾತ್ರ ಎಳೆದಿದ್ದಾರೆ. ಎನ್‌ವಿಎಂಇ ಕಾರ್ಡ್ ಅಲ್ಲಿ ಕೂತು ಎಷ್ಟು ಕೂಗಿದರೂ ಕೇಳುವವರಿಲ್ಲ. ಕಾರ್ಡಿನ ಅಂಚಿನ ಕಚ್ಚು ನೋಡಿದರೆ ಗೊತ್ತಾಗುತ್ತೆ ಅಂತ ಕೆಲವರು ಹೇಳುತ್ತಾರೆ: ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಬಹುಪಾಲು ಸರಿ, ಆದರೆ ಪೂರ್ತಿ ನಂಬಬೇಡಿ. ಎರಡು ಕಚ್ಚಿನ ಎನ್‌ವಿಎಂಇಗಳೂ ಇವೆ. ಅದೂ ಅಲ್ಲದೆ ಸ್ಲಾಟ್ ಕಡೆಯ ಸುದ್ದಿ ಈ ಕಚ್ಚಿನಿಂದ ಗೊತ್ತಾಗುವುದೇ ಇಲ್ಲ.

ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಕಚ್ಚು ಇರುವುದೇ "ನಿನಗೆ ಇಲ್ಲಿ ಜಾಗ ಇಲ್ಲ" ಅಂತ ಹೇಳುವುದಕ್ಕೆ. ತೊಂಬತ್ತರ ದಶಕದ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ಒಂದು ಅಗಲ ಬಾಯಿ ಇರುತ್ತಿತ್ತು, ನೆನಪಿದೆಯಾ? ಪಿಸಿ ಕಾರ್ಡ್ ಹಾಕುವುದು, ಮೋಡೆಮ್ಮೋ ನೆಟ್‌ವರ್ಕ್ ಕಾರ್ಡೋ. ಆಮೇಲೆ ಬಂದ ಕಾರ್ಡ್‌ಬಸ್ ಕಾರ್ಡುಗಳು 3.3 ವೋಲ್ಟಿನವು. ಬರೀ 5 ವೋಲ್ಟ್ ಕೊಡುವ ಹಳೇ ಸ್ಲಾಟಿಗೆ ಅವು ಒಳಗೇ ಹೋಗದ ಹಾಗೆ ಅಂಚನ್ನು ಮಾಡಿದ್ದರು. ತಳ್ಳಿದರೆ ತಡೆಯುತ್ತಿತ್ತು. ಬಳಸುವವನಿಗೆ ವೋಲ್ಟು ಗೀಲ್ಟು ಏನೂ ಗೊತ್ತಿರಬೇಕಾಗಿರಲಿಲ್ಲ, ಕೈಗೇ ತಿಳಿಯುತ್ತಿತ್ತು. ಈಗ ಎಲ್ಲಾ ಎಲ್ಲದಕ್ಕೂ ಹೋಗುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಟೈಪ್-ಸಿಯದೂ ಇದೇ ಗೋಳು. ಒಂದು ಕಿಂಡಿ ಬರೀ ಚಾರ್ಜ್ ಮಾಡುತ್ತದೆ, ಪಕ್ಕದ್ದು ಟಿವಿಗೂ ಚಿತ್ರ ಕೊಡುತ್ತದೆ, ನೋಡಲು ಎರಡೂ ಅವಳಿ ಜವಳಿ. ಕೇಬಲ್ಲೂ ಹಾಗೇ, ಕೆಲವು ಬರೀ ಚಾರ್ಜಿಗೆ.

ದುಡ್ಡು ಉಳಿಸಲು ನಾಲ್ಕು ದಾರಿ ಎಳೆಯದೇ ಬಿಟ್ಟರೆ ಬಿಡಲಿ, ನನ್ನ ತಕರಾರಿಲ್ಲ. ಅಗ್ಗದ ಲ್ಯಾಪ್‌ಟಾಪ್ ಎಂದರೆ ಅಷ್ಟೇ. ಆದರೆ ಸ್ಲಾಟಿನ ಪಕ್ಕ "ಸಾಟಾ" ಅಂತ ಎರಡಕ್ಷರ ಅಚ್ಚು ಹಾಕಲು ಏನು ಖರ್ಚು? ಅದೇ ಬೋರ್ಡಿನ ಮೇಲೆ ನಮಗೆ ಬೇಡದ ನೂರೆಂಟು ನಂಬರ್ ಬರೆದಿರುತ್ತಾರೆ.

ಕೊನೆಗೆ ಸಾಟಾ ಎಂ.2 ತಂದು ಹಾಕಿದೆ. ಬಯೋಸ್‌ನಲ್ಲಿ ಕಂಡಿತು. ವಿಂಡೋಸ್‌ನಲ್ಲಿ ಮಾತ್ರ ಡ್ರೈವ್ ಇಲ್ಲ! ಈ ಸಲ ಗಾಬರಿಯಾಗಲಿಲ್ಲ. ಹೊಸ ಡಿಸ್ಕ್ ಖಾಲಿ ಸೈಟ್ ಇದ್ದ ಹಾಗೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಇನಿಶಿಯಲೈಸ್ ಒತ್ತಿ, ಜಿಪಿಟಿ (ಡಿಸ್ಕನ್ನು ಭಾಗ ಮಾಡಿ ಲೆಕ್ಕ ಇಡುವ ಹೊಸ ಪದ್ಧತಿ) ಆರಿಸಿದೆ. ಆಮೇಲೆ ಹಳೇ ಡಿಸ್ಕಿನದೆಲ್ಲ ಇದಕ್ಕೆ ಕ್ಲೋನ್ ಮಾಡಿದೆ. ಈಗ ಕಾಫಿಗೆ ಹಾಲು ಬಿಸಿ ಮಾಡುವಷ್ಟು ಹೊತ್ತೂ ಬೇಡ.

ಮೊದಲಿನ ಕಾರ್ಡನ್ನು ಮಾರಿದವರು ವಾಪಸ್ ತಗೊಳ್ಳಲಿಲ್ಲ, ಪ್ಯಾಕ್ ಒಡೆದಿದೆಯಂತೆ. ಇನ್ನೊಂದು 1400 ರೂಪಾಯಿ ಹಾಕಿ, ಆ ಹುಡುಗನ ಹತ್ತಿರ ಇದ್ದಂಥದೇ ಯುಎಸ್‌ಬಿ ಡಬ್ಬಿ ತಂದು ಅದರೊಳಗೆ ಕೂರಿಸಿ ನಮ್ಮ ಹುಡುಗನಿಗೆ ಕೊಟ್ಟೆ. ನಿನ್ನೆ ರಾತ್ರಿ ಫೋನ್ ಮಾಡಿದ.

"ಚಿಕ್ಕಮ್ಮ, ನೀನು ಕೊಟ್ಟಿದ್ದು ಚುಚ್ಚಿದೆ. ಲೈಟ್ ಬರ್ತಿದೆ, ಡ್ರೈವ್ ಕಾಣ್ತಿಲ್ಲ."

"ಯಾವ ಕೇಬಲ್ ಹಾಕಿದೀಯೋ?"

"ಪವರ್ ಬ್ಯಾಂಕ್ ಜೊತೆ ಬಂದಿತ್ತಲ್ಲ, ಅದು. ಸರಿಯಾಗೇ ಕೂತಿದೆ."