ಬೆಲ್ಲದ ಅಂಗಡಿಗೆ ಸ್ವಂತ ಡೊಮೇನ್ ಬೇಕಾ?

ಪರ: ಹೆಸರು ನಮ್ಮ ಕೈಯಲ್ಲಿರಲಿ

ಮಂಡ್ಯದ ಕಡೆ ಈಗ ಆಲೆಮನೆ ಬೆಲ್ಲವನ್ನು ಫೋನಿನಲ್ಲೇ ಮಾರುವವರು ಜಾಸ್ತಿ. ಅಚ್ಚು, ಉಂಡೆ, ಪುಡಿ ಬೆಲ್ಲದ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಾರೆ. ಇನ್‌ಸ್ಟಾಗ್ರಾಂನಲ್ಲೊಂದು ಪೇಜು ಇರುತ್ತದೆ. ಬೆಂಗಳೂರಿನ ಗಿರಾಕಿಗೆ ಕೊರಿಯರ್ ಹೋಗುತ್ತದೆ. ವ್ಯಾಪಾರ ನಡೀತಿದೆಯಲ್ಲ, ಡೊಮೇನ್, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮದೇ ಹೆಸರಿನ ವಿಳಾಸ, ಯಾಕೆ ಅಂತ ಕೇಳುತ್ತಾರೆ.

2021ರ ಅಕ್ಟೋಬರ್ 4ರ ರಾತ್ರಿ ನೆನಪಿದೆಯಾ? ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಬಂದ್. ಕಂಪನಿಯ ಒಳಗಿನ ನೆಟ್‌ವರ್ಕಿನಲ್ಲಿ ಆದ ಎಡವಟ್ಟಿನಿಂದ, ಹೆಸರು ಕೇಳಿದರೆ ಕಂಪ್ಯೂಟರಿನ ನಂಬರ್ ಹೇಳುವ ಅದರ ಡಿಎನ್‌ಎಸ್ ಸರ್ವರ್‌ಗಳಿಗೆ ದಾರಿಯೇ ಇಲ್ಲದ ಹಾಗಾಗಿತ್ತು. ಮೂರು ಕಡೆ ಅಂಗಡಿ ಇಟ್ಟಿದ್ದೇವೆ ಅಂದುಕೊಂಡವರಿಗೆ ಮೂರೂ ಒಬ್ಬನದ್ದೇ ಅಂತ ಅವತ್ತು ಗೊತ್ತಾಯಿತು.

ಈ ಡಿಎನ್‌ಎಸ್ ಅನ್ನೋದನ್ನ ಸ್ವಲ್ಪ ನೋಡೋಣ. ಮೊದಮೊದಲು ಎಲ್ಲ ಕಂಪ್ಯೂಟರುಗಳ ಹೆಸರೂ ನಂಬರೂ ಒಂದೇ ಫೈಲಿನಲ್ಲಿರುತ್ತಿದ್ದವು. ಅಮೆರಿಕದ ಒಂದು ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿತ್ತು, ಉಳಿದವರು ನಕಲು ಇಳಿಸಿಕೊಳ್ಳುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಿದಂತೆ ಅದು ನಿಭಾಯಿಸಲು ಆಗದ ಮಾತಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಹೊಸ ಏರ್ಪಾಡು ರೂಪಿಸಿದರು. ಈಗ ಗಿರಾಕಿ ನಿಮ್ಮ ವಿಳಾಸ ಒತ್ತಿದರೆ ಮೊದಲು ಎಲ್ಲಕ್ಕಿಂತ ಮೇಲಿರುವ ರೂಟ್ ಸರ್ವರ್‌ಗೆ ಪ್ರಶ್ನೆ ಹೋಗುತ್ತದೆ. ಅವಕ್ಕೆ 'ಎ'ಯಿಂದ 'ಎಂ'ವರೆಗೆ 13 ಹೆಸರು. ನಕಲುಗಳು ಜಗತ್ತಿನ ತುಂಬ. ರೂಟ್‌ಗೆ ನಿಮ್ಮ ಅಂಗಡಿ ಗೊತ್ತಿಲ್ಲ. 'ಡಾಟ್ ಇನ್ ನೋಡಿಕೊಳ್ಳೋರು ಅಲ್ಲಿದ್ದಾರೆ, ಅವರನ್ನ ಕೇಳು' ಅನ್ನುತ್ತದೆ, ಅಷ್ಟೆ. ಡಾಟ್ ಇನ್‌ನವರು ನಿಮ್ಮ ಡೊಮೇನಿನ ಲೆಕ್ಕ ಇಟ್ಟಿರುವ ನೇಮ್‌ಸರ್ವರ್ ತೋರಿಸುತ್ತಾರೆ. ಕೊನೆಗೆ ಅದು ನಿಮ್ಮ ಸೈಟ್ ಇರುವ ಕಂಪ್ಯೂಟರಿನ ನಂಬರ್ ಕೊಡುತ್ತದೆ. ಗೊತ್ತಿಲ್ಲದ ಕಡೆ ಹೋದವನು ಹೋಬಳಿಯಲ್ಲಿ ಊರು ಕೇಳಿ, ಊರಲ್ಲಿ ಬೀದಿ ಕೇಳಿ, ಬೀದಿಯಲ್ಲಿ ಮನೆ ಕೇಳಿದ ಹಾಗೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ.

ಇದರಲ್ಲಿ ಕೊನೆಯ ಉತ್ತರ ಏನಿರಬೇಕು ಅಂತ ಬರೆಯುವವರು ನೀವೇ. ಸೈಟಿಗೆ ಜಾಗ ಕೊಡುವ ಹೋಸ್ಟಿಂಗ್ ಕಂಪನಿ ಸರಿ ಹೋಗಲಿಲ್ಲವಾ? ಬೇರೆ ಕಡೆ ಸೈಟ್ ಇಟ್ಟು ಒಂದು ನಂಬರ್ ಬದಲಿಸಿ. ಹಳೆಯ ಉತ್ತರ ಅಲ್ಲಲ್ಲಿ ಕಂಪ್ಯೂಟರುಗಳ ನೆನಪಿನಲ್ಲಿ ಉಳಿದಿರುತ್ತದೆ, ಹಾಗಾಗಿ ಕೆಲವು ಗಂಟೆ ಗೊಂದಲ. ಡಬ್ಬದ ಮೇಲೆ ಅಚ್ಚಾದ ವಿಳಾಸ ಮಾತ್ರ ಹಾಗೇ ಇರುತ್ತದೆ. ಇನ್‌ಸ್ಟಾಗ್ರಾಂ ಪೇಜು ಬ್ಲಾಕ್ ಆದರೆ ಹೀಗೆ ಎತ್ತಿಕೊಂಡು ಹೋಗಲು ಆಗುತ್ತಾ?

ಕಾನೂನಿನ ಬಲವೂ ಇದೆ. ಟ್ರೇಡ್‌ಮಾರ್ಕಿಗೆ ಸಿಗುವ ರಕ್ಷಣೆ ಡೊಮೇನ್ ಹೆಸರಿಗೂ ಸಿಗಬಹುದು ಅಂತ ಸುಪ್ರೀಂ ಕೋರ್ಟು 2004ರಲ್ಲೇ, ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ.

ವಿರೋಧ: ಯಾರು ಟೈಪ್ ಮಾಡ್ತಾರೆ ಸ್ವಾಮಿ?

ಡಿಎನ್‌ಎಸ್ ಪಾಠ ಚೆನ್ನಾಗಿದೆ. ಆದರೆ ಬೆಲ್ಲ ಬೇಕಾದವರು ಯಾರೂ ವಿಳಾಸ ಒತ್ತಿಕೊಂಡು ಬರುವುದಿಲ್ಲ. ನಾದಿನಿ ನಂಬರ್ ಕಳಿಸುತ್ತಾಳೆ, ಇವರು ಫೋನ್ ಮಾಡುತ್ತಾರೆ, 'ಅಣ್ಣ, ಐದು ಕೆಜಿ ಕಳಿಸಿ' ಅನ್ನುತ್ತಾರೆ. ದುಡ್ಡು ಅಲ್ಲೇ ಫೋನ್‌ಪೇ.

ಫೋನಿನಲ್ಲಿ ಡೊಮೇನ್ ಹೇಳಿ ನೋಡಿ. ಆಲೆಮನೆ ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಮೊದಲು 'ಎ' ಒಂದಾ ಎರಡಾ? ಎರಡನ್ನೂ ಕೊಂಡುಕೊಂಡರೆ ಎರಡಕ್ಕೂ ವರ್ಷ ವರ್ಷ ದುಡ್ಡು. ಹಾಗಾದರೆ ಕನ್ನಡದಲ್ಲೇ ಡಾಟ್ ಭಾರತ ತಗೊಳ್ಳಿ ಅನ್ನುತ್ತಾರೆ. ನನಗೂ ಆಸೆಯೇ. ಆದರೆ ಡಿಎನ್‌ಎಸ್ ಒಳಗೆ ಕನ್ನಡ ಅಕ್ಷರ ನೇರವಾಗಿ ಓಡಾಡುವುದಿಲ್ಲ. ಅದನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಬದಲಿಸಿಕೊಳ್ಳುತ್ತಾರೆ. ಬ್ರೌಸರಿನಿಂದ ಲಿಂಕ್ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಎಷ್ಟೋ ಸಲ ಆ ವೇಷವೇ ಬಂದು ಕೂರುತ್ತದೆ: 'ಎಕ್ಸ್ ಎನ್', ಎರಡು ಅಡ್ಡಗೆರೆ, ಆಮೇಲೆ ತಲೆಬುಡ ಇಲ್ಲದ ಸಾಲು. ಮೋಸದ ಲಿಂಕಿನ ಬಗ್ಗೆ ದಿನಾ ಎಚ್ಚರಿಕೆ ಕೇಳುವ ಗಿರಾಕಿ ಅದನ್ನು ಒತ್ತುತ್ತಾನಾ?

ಅಸಲಿ ತಲೆನೋವು ಮನೆಯೊಳಗೇ ಇದೆ. ಡೊಮೇನ್ ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ; ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷ. ಮೊದಲ ವರ್ಷ ಆಫರ್ ಇರುತ್ತದೆ, ಆಮೇಲೆ ಪೂರ್ತಿ ರೇಟು. ಸಾಮಾನ್ಯವಾಗಿ ಇದನ್ನು ಮಾಡಿಕೊಡುವವನು ಇಂಜಿನಿಯರಿಂಗ್ ಓದುವ ಅಣ್ಣನ ಮಗ. ಹೆಸರು ಅವನದ್ದು, ಇಮೇಲ್ ಅವನದ್ದು, ಪಾಸ್‌ವರ್ಡೂ ಅವನ ಹತ್ತಿರವೇ. ಕೆಲಸ ಸಿಕ್ಕಿ ಅವನು ಪುಣೆಗೆ ಹೋದ ಮೇಲೆ ರಿನ್ಯೂವಲ್ ನೋಟಿಸ್ ಯಾವುದೋ ಹಳೆ ಇನ್‌ಬಾಕ್ಸಿಗೆ ಬಂದು ಬಿದ್ದಿರುತ್ತದೆ. ಡಾಟ್ ಕಾಮ್ ಆದರೆ, ಅವಧಿ ಮುಗಿದು ರಿಜಿಸ್ಟ್ರಾರ್ (ಡೊಮೇನ್ ಮಾರುವ ಕಂಪನಿ) ಅಳಿಸಿದ ಮೇಲೂ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ. ಅದೂ ದಾಟಿದರೆ ಬಿಡಿಸಿಕೊಳ್ಳಲು ಆಗಲ್ಲ, 5 ದಿನದಲ್ಲಿ ಹೆಸರು ಪೂರ್ತಿ ಅಳಿಸಿಹೋಗುತ್ತದೆ. ಆಮೇಲೆ ಯಾರು ಬೇಕಾದರೂ ತಗೋಬಹುದು. ಹೀಗೆ ಬಿಟ್ಟ ಹೆಸರುಗಳನ್ನು ಕಾದು ಹಿಡಿದು ಬೆಟ್ಟಿಂಗ್ ಸೈಟ್ ನಡೆಸುವವರಿದ್ದಾರೆ. ಆಗ ನಿಮ್ಮ ಬೆಲ್ಲದ ಡಬ್ಬ ಗಿರಾಕಿಯನ್ನು ಅಲ್ಲಿಗೆ ಕಳಿಸುತ್ತಿರುತ್ತದೆ. ಇದಕ್ಕಿಂತ ಡೊಮೇನ್ ಇಲ್ಲದಿರುವುದೇ ವಾಸಿ ಅಲ್ವಾ?

ಇನ್ನು ಬಂದ್ ಆಗುವ ಮಾತು. 2016ರ ಅಕ್ಟೋಬರ್ 21ರಂದು ಡೈನ್ ಅನ್ನೋ ಡಿಎನ್‌ಎಸ್ ಕಂಪನಿಯ ಮೇಲೆ ದಾಳಿ ಆದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಸಿಗದೆ ಜನ ಪರದಾಡಿದರು. ಅವುಗಳಿಗೇನು ಸ್ವಂತ ಡೊಮೇನ್ ಇರಲಿಲ್ವಾ?

ಹೊರದೇಶಕ್ಕೆ ಕಳಿಸುವವರು, ದೊಡ್ಡ ಬ್ರ್ಯಾಂಡ್ ಕಟ್ಟುವವರು ಖಂಡಿತ ತಗೊಳ್ಳಲಿ. ಮಿಕ್ಕವರು ಮೊದಲು ವಿಚಾರಿಸಿಕೊಳ್ಳಲಿ: ಲಾಗಿನ್ ಯಾರ ಹತ್ತಿರ ಇರುತ್ತದೆ, ವರ್ಷ ವರ್ಷ ದುಡ್ಡು ಯಾರು ಕಟ್ಟುತ್ತಾರೆ? ಮನೆಯಲ್ಲಿ ಒಬ್ಬರ ಹೆಸರು ತಟ್ಟನೆ ಬರದಿದ್ದರೆ ಡಬ್ಬದ ಮೇಲೆ ಫೋನ್ ನಂಬರನ್ನೇ ದಪ್ಪಗೆ ಹಾಕಿಸಿ.