ಕೇಳಿದರೆ ಡಾಕ್ಟರಿಗೆ ಸಿಟ್ಟು ಬರುತ್ತದೆಯೇ?

ಅಜ್ಜನ ತಿಥಿಗೆಂದು ಸಾಗರದ ಮನೆಗೆ ಹೋಗಿದ್ದೆ. ಊಟವಾಗಿ ಕವಳ ಹಾಕುತ್ತಿದ್ದಾಗ ಚಿಕ್ಕಪ್ಪನಿಗೆ ಮತ್ತೊಂದು ಸಿಟಿ ಸ್ಕ್ಯಾನ್ ಮಾಡಿಸುವ ಮಾತು ಬಂತು. "ಅದರಲ್ಲೂ ಎಕ್ಸ್‌ರೇ ಕಿರಣ ಮೈಗೆ ಬೀಳುತ್ತದೆ. ಮೊನ್ನೆ ಮಾಡಿಸಿದ್ದರ ಸಿಡಿ ತೋರಿಸಿ, ಇದು ಸಾಲದೇ ಎಂದು ಕೇಳಬಹುದಲ್ಲ?" ಎಂದೆ. ಅಣ್ಣ ನಕ್ಕ. "ಕಾಸರಗೋಡಿನ ನೀರು ಕುಡಿದು ನಿನಗೂ ತಕರಾರಿನ ಚಟ ಹತ್ತಿತು ಮಾರಾಯ. ಅಷ್ಟೆಲ್ಲ ಕೇಳಿದರೆ ಡಾಕ್ಟರಿಗೆ ಸಿಟ್ಟು ಬರುತ್ತದೆ." ಸಿಡಿಯನ್ನಂತೂ ಹಕ್ಕಿ ಬೆದರಿಸಲು ಪಪ್ಪಾಯಿ ಗಿಡಕ್ಕೆ ಕಟ್ಟಿಯಾಗಿತ್ತು.

ಅವನು ತಕರಾರು ಎನ್ನುವುದನ್ನು ನಾನು ಈಗ ನಾನಿರುವ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮೆಚ್ಚಿಕೊಂಡಿದ್ದೇನೆ. ಅಲ್ಲಿ ನಮ್ಮ ನೆರೆಮನೆಯ ಸೊಸೆಗೆ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿತ್ತು. ಮಂಗಳೂರಿನಲ್ಲಿ ಬಲೂನ್ ಹಾಕಿ ಹಿಗ್ಗಿಸುವುದೆಂದು ನಿಶ್ಚಯವಾಯಿತು. 1980ರ ದಶಕದಲ್ಲಿ ಜಪಾನಿನ ಕಾಂಜಿ ಇನೋವೆ ಕಂಡುಹಿಡಿದ ಕ್ರಮ ಇದು. ತೊಡೆಯ ರಕ್ತನಾಳದಿಂದ ತೂರಿಸಿದ ನಳಿಕೆ ಎಲ್ಲಿಗೆ ಹೋಯಿತೆಂದು ಎಕ್ಸ್‌ರೇ ಪರದೆಯಲ್ಲಿ ನೋಡುತ್ತಿರಬೇಕು. ಆ ಸೊಸೆಯ ಅತ್ತೆ ಅದೇ ಜಿಲ್ಲೆಯ ಪಡ್ರೆ ಕಡೆಯವರು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಸೀಮೆ ಅದು. ಸಿಂಪಡಣೆ 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದಕ್ಕೆ ತಡೆ ಹಾಕಿತು. ಕಣ್ಣಿಗೆ ಕಾಣದ್ದು ಮೈಗೆ ಬೀಳುತ್ತದೆಂದರೆ, ಎಷ್ಟು ಎಂದು ಕೇಳದೆ ಬಿಡುವವರಲ್ಲ ಅಲ್ಲಿಯವರು.

"ಬಲೂನು ಸರಿ ಡಾಕ್ಟರೇ, ಆ ಕಿರಣ ಎಷ್ಟು ಬೀಳುತ್ತದೆ? ಹುಡುಗಿಗೆ ಇನ್ನೂ ಮಕ್ಕಳಾಗಬೇಕು" ಎಂದು ಅತ್ತೆ ಕೇಳಿದರು.

ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಹಾಳೆಯ ಮೇಲೆ ಗೆರೆ ಎಳೆದು ವಿವರಿಸಿದರು. ಕಿರಣ ಮಿಡಿಮಿಡಿದು ಬರುತ್ತದೆ. ಸೆಕೆಂಡಿಗೆ 15 ಮಿಡಿತವನ್ನು 7.5ಕ್ಕೆ ಇಳಿಸಿದರೆ ಬಹಳಷ್ಟು ತಗ್ಗುತ್ತದೆ. ಕಿರಣವನ್ನು ಬೇಕಾದ ಜಾಗಕ್ಕಷ್ಟೇ ಕಿರಿದು ಮಾಡಬೇಕು, ಚಿತ್ರ ಹಿಡಿಯುವ ಫಲಕವನ್ನು ಎದೆಗೆ ಆದಷ್ಟು ಹತ್ತಿರ ತರಬೇಕು. ಪ್ರತಿ ಸಲ ಹೊಸದಾಗಿ ಚಿತ್ರ ತೆಗೆಯುವ ಬದಲು ಕೊನೆಯ ಚಿತ್ರವನ್ನೇ ಪರದೆಯಲ್ಲಿ ನಿಲ್ಲಿಸಿಕೊಂಡು ಯೋಚಿಸಬಹುದು. ಕವಾಟ ಎಷ್ಟು ತೆರೆಯಿತೆಂದು ನೋಡಲು ಶಬ್ದದ ಅಲೆಗಳಿಂದ ಚಿತ್ರ ಮೂಡಿಸುವ ಎಕೋ ಇದೆ, ಅದರಲ್ಲಿ ವಿಕಿರಣವೇ ಇಲ್ಲ. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಮನೆಗೆ ಹೊರಡುವ ದಿನ "ಬಿದ್ದ ಲೆಕ್ಕ ಬರೆದುಕೊಡಿ" ಎಂದರು. ಯಂತ್ರ ಲೆಕ್ಕ ಇಟ್ಟಿರುತ್ತದೆ. ಡಿಸ್ಚಾರ್ಜ್ ಹಾಳೆಯ ಅಂಚಿನಲ್ಲಿ ನೀಲಿ ಬಾಲ್‌ಪೆನ್ನಿನಿಂದ, ವಿಕಿರಣದ ಅಳತೆಯಾದ ಮಿಲಿಗ್ರೇಯಲ್ಲಿ ಅಂಕೆ ಬಂತು. ಆ ಹಾಳೆ ಈಗ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿದೆ.

ಇಂಥ ನಳಿಕೆ ಚಿಕಿತ್ಸೆ ನಡೆಯುವ ಕ್ಯಾಥ್‌ಲ್ಯಾಬ್ ಕೋಣೆಯ ಸಿಬ್ಬಂದಿ ಧರಿಸುವ, ವಿಕಿರಣ ಅಳೆಯುವ ಬಿಲ್ಲೆಯನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳುಹಿಸಿ ಅವರ ಪಾಲಿನ ವಿಕಿರಣವನ್ನು ದಾಖಲಿಸುತ್ತಾರೆ. ಅವರಿಗೆ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಮೇಲಾಗುವ ಪರಿಣಾಮದ ಲೆಕ್ಕದ ವಿಕಿರಣದ ಅಳತೆ) ಎಂಬ ಮಿತಿಯಿದೆ. ರೋಗಿಗೆ ಅಂಥ ಮಿತಿ ಇಲ್ಲ. ಅಗತ್ಯವಿದ್ದಷ್ಟೇ ಕೊಡಬೇಕೆಂಬ ತತ್ವವಿದೆ. ಅಗತ್ಯ ಎಷ್ಟೆಂದು ಕೇಳಬೇಕಾದವರು ಮನೆಯವರೇ ತಾನೇ? ಸಾಗರದ ನಮ್ಮ ಕಡೆಯವರು ಅಡಿಕೆ ಮಂಡಿಯಲ್ಲಿ ಕಾಲು ಕಿಲೋ ತೂಕಕ್ಕೆ ಜಗಳಾಡುತ್ತಾರೆ, ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಬಾಯಿಗೆ ಬೀಗ. "ಎಲ್ಲಾ ಟೆಸ್ಟ್ ಮಾಡಿಸಿದರು" ಎನ್ನುವುದೇ ಡಾಕ್ಟರಿಗೆ ಅವರು ಕೊಡುವ ಬಿರುದು.

ಚಿಕ್ಕಪ್ಪನ ಸಂಗತಿ ಬೇರೆ ಎಂದು ಒಪ್ಪಬೇಕು. ಎಂಬತ್ತು ದಾಟಿದ ಅವರಿಗೆ ಎದೆ ಕೊಯ್ಯದೆ, ತೊಡೆಯ ಮೂಲಕ ಹೊಸ ಅಯೋರ್ಟಿಕ್ ಕವಾಟ (ಹೃದಯದಿಂದ ರಕ್ತ ಮೈಗೆ ಹೊರಡುವ ಬಾಗಿಲು) ಕೂರಿಸಬೇಕಾಗಿದೆ. 2002ರಲ್ಲಿ ಫ್ರಾನ್ಸಿನ ಅಲಾಂ ಕ್ರಿಬಿಯೇ ಮೊದಲು ಮಾಡಿ ತೋರಿಸಿದ ಚಿಕಿತ್ಸೆ. ಕವಾಟದ ಅಳತೆ, ಕಾಲಿನ ನಾಳಗಳ ದಾರಿ ಎರಡನ್ನೂ ಸಿಟಿಯಲ್ಲಿ ನೋಡಬೇಕು, ಕವಾಟದ ಚಿತ್ರವನ್ನಂತೂ ಹೃದಯದ ಬಡಿತಕ್ಕೆ ಹೊಂದಿಸಿ ತೆಗೆಯಬೇಕು. ಸಾಮಾನ್ಯ ಎದೆಯ ಸ್ಕ್ಯಾನ್ ಅದಕ್ಕೆ ಸಾಲದು. ವಿಕಿರಣದ ಕ್ಯಾನ್ಸರು ಬರುವುದಾದರೂ ವರ್ಷಗಳು ಹಿಡಿಯುತ್ತವೆ. ಆ ವಯಸ್ಸಿಗೆ ತಪ್ಪು ಅಳತೆಯ ಕವಾಟವೇ ದೊಡ್ಡ ಅಪಾಯ.

ಕಾಸರಗೋಡಿನ ಪ್ರಶ್ನೆಗಳಿಗೂ ಅತಿ ಎಂಬುದಿದೆ. ಬದಿಯಡ್ಕದ ಪರಿಚಿತ ಹಿರಿಯರೊಬ್ಬರು ಕಿರಣವೆಂದರೆ ವಿಷವೇ ಎಂದು ಹಟ ಹಿಡಿದು ಇಂಥದೇ ಸ್ಕ್ಯಾನನ್ನು ಮುಂದೂಡುತ್ತಿದ್ದಾರೆ. ಮನೆಯ ದರೆ ಹತ್ತುವಾಗ ನಡುವೆ ಕುಳಿತು ಏದುಸಿರು ಬಿಡುತ್ತಾರೆ. ನನ್ನ ಮಾತು ನಡೆಯಲಿಲ್ಲ. ಪಡ್ರೆಯ ಅತ್ತೆಯನ್ನೇ ಕರೆದುಕೊಂಡು ಹೋಗಿ ಮಾತನಾಡಿಸು ಎಂದು ಅವರ ಮಗನಿಗೆ ಹೇಳಿದ್ದೇನೆ.