ಲೈಟ್ ಒಂದಲ್ಲ, ಎರಡು

‘ಲೈಟ್’ ಪದದ ಬಗ್ಗೆ ಬಂದ ಲೇಖನದಲ್ಲಿ, ಬೆಳಕು, ಹಗುರ ಎರಡಕ್ಕೂ ಇಂಗ್ಲಿಷಿನಲ್ಲಿ ಲೈಟ್ ಅನ್ನೋ ಒಂದೇ ಪದ ಯಾಕೆ ಅಂತ ಲೇಖಕರು ಕೇಳಿದ್ದಾರೆ. ಅವು ಒಂದೇ ಪದ ಅಲ್ಲ, ಬೇರೆ ಬೇರೆ ಮೂಲದಿಂದ ಬಂದು ಉಚ್ಚಾರಣೆಯಲ್ಲಿ ಒಂದಾಗಿಬಿಟ್ಟಿವೆ ಅಷ್ಟೇ. ಜರ್ಮನ್ನಿನಲ್ಲಿ ಈಗಲೂ ಬೆಳಕು ಲಿಖ್ಟ್, ಹಗುರ ಲೈಖ್ಟ್. ಹಗುರದ ಲೈಟು ಸಂಸ್ಕೃತದ ‘ಲಘು’ವಿಗೆ ದೂರದ ನೆಂಟ ಕೂಡ! ಕುರಿ, ದನಗಳ ಶ್ವಾಸಕೋಶಕ್ಕೂ ಇಂಗ್ಲಿಷಿನಲ್ಲಿ ಲೈಟ್ಸ್ ಅನ್ನೋ ಹಳೇ ಹೆಸರಿದೆ, ತೂಕ ಕಡಿಮೆ ಅಲ್ವಾ, ಅದಕ್ಕೆ.

ನಮ್ಮಲ್ಲಿ ಲೈಟ್ ಕಂಬ ಇದೆ, ಲೈಟಾಗಿ ತಿಂಡಿ ತಿನ್ನುತ್ತೇವೆ, ಜೋಕು ತಡವಾಗಿ ಅರ್ಥವಾದವನನ್ನು ಸುಮ್ನೆ ಟ್ಯೂಬ್‌ಲೈಟ್ ಅನ್ನುತ್ತೇವೆ. ಲೇಖನದಲ್ಲಿ ಇದನ್ನೂ ಸೇರಿಸಬಹುದಿತ್ತು. ಇನ್ನು ಅದರಲ್ಲಿ ಲೈಟ್ ಇಯರ್ ಅಂದರೆ ಕಾಲ ಅಂತ ಬರೆದಿರುವುದನ್ನು ದಯವಿಟ್ಟು ತಿದ್ದಿ. ಅದು ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.46 ಲಕ್ಷ ಕೋಟಿ ಕಿ.ಮೀ.